ಮಾನ್ವಿ ದೀಪ, ದೇವದುರ್ಗ ದೀಪ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಮಾನ್ವಿಯ ಹಸಿರು ದೀಪ ಆರಿಹೋಯಿತು. ಎಂಟೂ ಹದಿನೈದಕ್ಕೆ ದೇವದುರ್ಗದ್ದೂ ಹೋಯಿತು. ದಿನಾ ಸಾಯುವವರಿಗೆ ಅಳುವವರು ಯಾರು? ಆದೆಪ್ಪ ಕುರ್ಚಿಯಿಂದ ಏಳಲೂ ಇಲ್ಲ. ಎಡಗೈಯಿಂದ ಫೋನೆತ್ತಿ, ಬಲಗೈಯಿಂದ ನೋಟುಬುಕ್ಕಿನಲ್ಲಿ ವೇಳೆ ಬರೆದುಕೊಂಡ.

“ಹಂಪಮ್ಮಾರ, ಮತ್ತ ಎರಡೂ ಹೋದ್ವು. ಜೋಡಿಸಿ ಕೊಡ್ರಿ.”

“ಮತ್ತ ಹೋದ್ವೇನ್ರೀ? ಪಾಪ,” ಎಂದಳು ಕೆಳಗೆ ಮೆಟ್ಟಿಲ ಸಂದಿಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂತಿದ್ದ ಹಂಪಮ್ಮ. “ತಡೀರಿ, ಮೊದಲ ಮಾನ್ವಿ ಕೊಡ್ತೀನಿ.”

ಅವಳ ದನಿಯಲ್ಲಿ ಅಷ್ಟು ಮರುಕವಿತ್ತು. ಒಂಬತ್ತು ತಿಂಗಳಿಂದ ದಿನಕ್ಕೆ ಇಪ್ಪತ್ತು ಸಲ ಇದೇ ಮರುಕ, ಇದೇ ಮಾತು.

ಇದು ಎಂಬತ್ತೆಂಟನೇ ಇಸವಿಯ ಸುದ್ದಿ. ರಾಯಚೂರಿನ ಎಡದಂಡೆ ಹತ್ತಿ ಬೆಳೆಗಾರರ ಸಂಘಕ್ಕೆ ಹೈದರಾಬಾದಿನಿಂದ ಕಂಪ್ಯೂಟರ್ ಬಂದಿತ್ತು. ದೊಡ್ಡ ಯಂತ್ರ ರಾಯಚೂರಿನ ಮಹಡಿಯ ಮೇಲೆ, ಅದರ ಎರಡು ಮರಿಗಳು ಮಾನ್ವಿ ಮತ್ತು ದೇವದುರ್ಗದ ಶಾಖೆಗಳಲ್ಲಿ. ನಡುವೆ ಸಂಘದ ಸ್ವಂತ ಫೋನಿನ ಲೈನುಗಳು. ಎಲ್ಲಿ ಎಷ್ಟು ಅಂಡಿಗೆ, ಅಂದರೆ ಹತ್ತಿ ಮೂಟೆ, ಇದೆಯೆಂದು ಮರಿಗಳು ಹೇಳಬೇಕು, ದೊಡ್ಡದು ಕೂಡಿಸಬೇಕು. ಮರಿ ಜೋಡಣೆಯಲ್ಲಿದ್ದರೆ ಅದರ ಮೇಲೂ ದೊಡ್ಡ ಯಂತ್ರದ ಮೇಲೂ ಒಂದೊಂದು ಹಸಿರು ದೀಪ ಉರಿಯುತ್ತದೆ. ದೀಪ ಆರಿತೆಂದರೆ ಮರಿ ತಾಯಿಯ ಕೈ ಬಿಡಿಸಿಕೊಂಡಿತು ಎಂದರ್ಥ. ಆಗ ಮತ್ತೆ ಮೊದಲಿನಿಂದ ಶುರು. ಹೀಗಾಗಿ ಒಂಬತ್ತು ತಿಂಗಳಲ್ಲಿ ಆ ಯಂತ್ರ ಒಂದು ದಿನದ ಲೆಕ್ಕವನ್ನೂ ಪೂರ್ತಿ ಕೂಡಿಸಿರಲಿಲ್ಲ.

ಆದರೆ ಆದೆಪ್ಪನಿಗೆ ಯಂತ್ರ ಲೆಕ್ಕ ಕೂಡಿಸದಿದ್ದರೂ ನಡೆಯುತ್ತಿತ್ತು. ಅವನಿಗೆ ಬೇಕಾಗಿದ್ದುದು ಆ ಕೋಣೆಯ ತಂಪು ಗಾಳಿ. ಅದಕ್ಕೆ ಮೊದಲು ಹನ್ನೊಂದು ವರ್ಷ ಅವನು ಬಾಗಲವಾಡದ ಖರೀದಿ ಕೇಂದ್ರದಲ್ಲಿ ತೂಕದ ಗುಮಾಸ್ತನಾಗಿದ್ದ. ಹತ್ತಿಯ ಎಳೆ ಮೂಗಿಗೆ ತಾಗಿದರೆ ಸಾಕು, ಅವನಿಗೆ ಸೀನು. ಒಂದಲ್ಲ ಎರಡಲ್ಲ, ಹದಿನಾಲ್ಕು, ಹದಿನೈದು. ರಾತ್ರಿಯೆಲ್ಲ ಉಬ್ಬಸ. ಟೈಪಿಂಗ್ ಬರುತ್ತದೆಂಬ ಒಂದೇ ಗುಣಕ್ಕೆ ಅವನನ್ನು ಹದಿನೈದು ದಿನದ ತರಬೇತಿಗೆ ಕಳಿಸಿ ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿದ್ದರು. ಹತ್ತಿ ಒಳಗೆ ಬರದ, ಧೂಳು ಒಳಗೆ ಬರದ, ಚಪ್ಪಲಿ ಕೂಡ ಒಳಗೆ ಬರದ ಕೋಣೆ. ಒಂಬತ್ತು ತಿಂಗಳಿಂದ ಅವನು ಸೀನಿರಲಿಲ್ಲ. “ನಮ್ಮನ್ಯಾಗ ಗಡಿಯಾರ ಸಪ್ಪಳ ಮಾಡ್ತದ ಅನ್ನೂದು ಈಗ ಗೊತ್ತಾತು,” ಎಂದಿದ್ದಳು ಅವನ ಹೆಂಡತಿ ಚನ್ನಮಲ್ಲಮ್ಮ.

ಈ ಸುಖಕ್ಕೆ ಹಿಂದಿನ ದಿನ ಕಲ್ಲು ಬಿದ್ದಿತ್ತು. ಸಂಘದ ಅಧ್ಯಕ್ಷ ವಿರೂಪಣ್ಣ, ಅಕ್ಕಿ ಗಿರಣಿಯ ಸಾಹುಕಾರ, ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತು ಹೇಳಿದ್ದ:

“ನಾಳಿ ಸಂಜಿ ಐದಕ್ಕ ನಿರ್ದೇಶಕರ ಸಭಿ ಇಲ್ಲೇ ಅದ. ಅವರ ಮುಂದ ಈ ದೀಪ ಆರಿದ್ವಂದ್ರ, ಪೆಟ್ಟಿಗಿ ಹೈದರಾಬಾದಿಗೆ, ನೀ ಬಾಗಲವಾಡಕ್ಕ. ಸುಗ್ಗಿ ಬಂದದ, ಅಲ್ಲಿ ತೂಕಕ್ಕ ಮಂದಿ ಇಲ್ಲ. ಮತ್ತ ಇದಕ್ಕ ಕಾರಣ ಆದೋರು ಯಾರ ಇರ್ಲಿ, ಸಿಕ್ಕರ ಅವರನ್ನ ಮನಿಗೇ ಕಳಸ್ತೀನಿ.”

ಆದೆಪ್ಪ ರಾತ್ರಿ ಪೂರ್ತಿ ನೋಟುಬುಕ್ಕು ತಿರುವಿದ್ದ. ದೀಪ ಆರಿದ ವೇಳೆಗಳು ಪುಟಪುಟಗಟ್ಟಲೆ ಇದ್ದವು. ನೋಡುತ್ತ ನೋಡುತ್ತ ಅವನಿಗೊಂದು ಸಂಗತಿ ಹೊಳೆಯಿತು. ಮಧ್ಯಾಹ್ನ ಒಂದರಿಂದ ಎರಡರವರೆಗೆ ಯಾವ ದೀಪವೂ ಯಾವ ದಿನವೂ ಆರಿರಲಿಲ್ಲ. ಮಾನ್ವಿ ಶಾಖೆಯ ಕೆಳಗೆ ಹಿಟ್ಟಿನ ಗಿರಣಿಯಿದೆ. ಆ ಗಿರಣಿ ಊಟಕ್ಕೆಂದು ಒಂದರಿಂದ ಎರಡರವರೆಗೆ ಮುಚ್ಚುತ್ತದೆ. ಇನ್ನೇನು ಬೇಕು? ಗಿರಣಿಯ ಮೋಟಾರೇ ಕಳ್ಳ. ದೇವದುರ್ಗದಲ್ಲಿ ಗಿರಣಿ ಇಲ್ಲವಲ್ಲ ಎಂಬ ಪ್ರಶ್ನೆಯೂ ಬಂದಿತು. ಒಬ್ಬ ಕಳ್ಳ ಸಿಕ್ಕರೆ ಇನ್ನೊಬ್ಬನ ವಿಳಾಸ ಅವನೇ ಹೇಳುತ್ತಾನೆ ಎಂದು ಸಮಾಧಾನ ಮಾಡಿಕೊಂಡ.

ಇವತ್ತೊಂದು ದಿನ ದೀಪ ಆರಿದರೆ ನೀವೇ ಫೋನು ಮಾಡಿ ಜೋಡಿಸಿಕೊಳ್ಳಿ ಎಂದು ಎರಡೂ ಶಾಖೆಗಳಿಗೆ ಹೇಳಿ, ಒಂಬತ್ತರ ಬಸ್ಸಿಗೆ ಮಾನ್ವಿಗೆ ಹೊರಟ.

ಮಾನ್ವಿ ಶಾಖೆಯ ಗುಮಾಸ್ತ ಗುಲಾಮ್ ದಸ್ತಗೀರ್ ಬಾಗಿಲಲ್ಲೇ ಕಾದಿದ್ದ. ಒಳಗೆ ಲೋಬಾನದ ಹೊಗೆ ತುಂಬಿತ್ತು. ಯಂತ್ರದ ಕೊರಳಿಗೆ ಒಂದು ನಿಂಬೆಹಣ್ಣು, ಮೂರು ಹಸಿಮೆಣಸಿನಕಾಯಿ.

“ನನ್ನ ಕಡಿಂದ ಏನೂ ಕಮ್ಮಿ ಮಾಡಿಲ್ರೀ ಆದೆಪ್ಪ ಸಾಬ್. ದಿನಾ ಮುಂಜಾನಿ ಲೋಬಾನ ಹಾಕ್ತೀನಿ. ಕಣ್ಣು ಬೀಳಬಾರದು ಅಂತ ನಿಂಬಿಹಣ್ಣು ಕಟ್ಟೀನಿ. ಆದ್ರೂ ಹೋಗ್ತದ.”

“ಹೊಗಿ ಹಾಕಬ್ಯಾಡ ದಸ್ತಗೀರ್, ಅದಕ್ಕ ಹೊಗಿ ಆಗೂದಿಲ್ಲ.”

“ಹೊಗಿ ಆಗ್ದಿದ್ರ ಸೀನಬೇಕಿತ್ತಲ್ರೀ?”

ಯಂತ್ರದ ಪಕ್ಕ ಒಂದು ಸಣ್ಣ ಪೆಟ್ಟಿಗೆ, ಅದರ ಮೇಲೆ ಎರಡು ರಬ್ಬರ್ ಬಟ್ಟಲು. ಫೋನಿನ ರಿಸೀವರನ್ನು ಆ ಬಟ್ಟಲುಗಳಲ್ಲಿ ಬೋರಲಾಗಿ ಮಲಗಿಸಿದರೆ, ಮಾನ್ವಿಯ ಯಂತ್ರ ‘ಕೀ’ ಎಂದು ಕೂಗುತ್ತದೆ, ರಾಯಚೂರಿನದು ‘ಕೀ’ ಎಂದು ಓಗೊಡುತ್ತದೆ. ಅದೇ ಅವುಗಳ ಮಾತು. ರಿಸೀವರ್ ಬಟ್ಟಲಲ್ಲಿ ಮಲಗಿದ ಮೇಲೆ ಅದಕ್ಕೆ ಕಿವಿಗೊಡುವ ಕೆಲಸ ಯಾರಿಗೂ ಇಲ್ಲ. ಆದೆಪ್ಪ ಎಲ್ಲ ತಿರುಗು ಮುರುಗು ಮಾಡಿ ನೋಡಿದ. ಎಲ್ಲ ಸರಿಯಿತ್ತು. ಕೆಳಗೆ ಗಿರಣಿ ಮಾತ್ರ ಗುಡುಗುಡು ಎನ್ನುತ್ತಿತ್ತು.

ಕೆಳಗಿಳಿದು ಗಿರಣಿಯ ಮಾಳಿಂಗಪ್ಪನಿಗೆ ಕೈಮುಗಿದ. “ಇಪ್ಪತ್ತು ನಿಮಿಷ ನಿಂದ್ರಸ್ರಿ. ಒಂದು ಪರೀಕ್ಷಾ ಮಾಡಬೇಕಾಗ್ಯದ.”

ಮಾಳಿಂಗಪ್ಪ ಒಳ್ಳೆಯ ಮನುಷ್ಯ, ನಿಲ್ಲಿಸಿದ. ಆದರೆ ಜೋಳದ ಬುಟ್ಟಿ ಇಟ್ಟುಕೊಂಡು ಸಾಲಾಗಿ ಕೂತಿದ್ದ ಹನ್ನೊಂದು ಮಂದಿ ಹೆಂಗಸರು ಅವನಷ್ಟು ಒಳ್ಳೆಯವರಾಗಿರಲಿಲ್ಲ. ಸಾಲಿನ ಮುಂದೆ ಖಾಸಿಂ ಬೀ ಎಂಬ ಮುದುಕಿ, ಅವಳ ಜೋಳ ಅರ್ಧ ಹಿಟ್ಟಾಗಿ ಅರ್ಧ ಜೋಳವಾಗಿಯೇ ಉಳಿದಿತ್ತು.

“ಯಾಕ ನಿಂದ್ರಿಸಿದಿ ತಮ್ಮಾ?”

“ಮ್ಯಾಲೆ ಯಂತ್ರದ ದೀಪ ಆರ್ತದ ಯವ್ವಾ. ನಿಮ್ಮ ಗಿರಣಿ ಸಪ್ಪಳಕ್ಕ ಆರ್ತದೇನು ಅಂತ ನೋಡಾಕತ್ತೀನಿ.”

“ನಮ್ಮನ್ಯಾಗ ಹತ್ತು ಮಂದಿ ರೊಟ್ಟಿಗೆ ಕುಂತಾರ. ನಿನ್ನ ದೀಪಕ್ಕ ಎಷ್ಟ ಮಂದಿ ಕುಂತಾರ?”

ಆದೆಪ್ಪ ಕತ್ತೆತ್ತಿ ಮೇಲೆ ನೋಡಿದ. ದಸ್ತಗೀರ್ ಮೇಲಿನ ಕಿಟಕಿಯಿಂದ ತಲೆ ಹೊರಹಾಕಿ ದೀಪದ ಸುದ್ದಿ ಹೇಳುತ್ತಿದ್ದ. ಐದು ನಿಮಿಷಕ್ಕೆ “ಅದ ರೀ.” ಹತ್ತು ನಿಮಿಷಕ್ಕೆ “ಅದ ರೀ, ಚೆಂದ ಅದ.” ಆದೆಪ್ಪನ ಎದೆ ಉಬ್ಬಿತು. ಹೆಂಗಸರೂ ಸುಮ್ಮನಾಗಿ ಕಿಟಕಿಯನ್ನೇ ನೋಡತೊಡಗಿದರು. ಹದಿನಾಲ್ಕನೆಯ ನಿಮಿಷಕ್ಕೆ ದಸ್ತಗೀರ್ ತಲೆ ಒಳಗೆಳೆದುಕೊಂಡು ಮತ್ತೆ ಹೊರಗೆ ಹಾಕಿದ.

“ಹೋತ್ರೀ.”

“ದೀಪ ಹೋದ್ರ ಎಣ್ಣಿ ನೋಡಬೇಕಪ್ಪ,” ಎಂದಳು ಖಾಸಿಂ ಬೀ. “ಗಿರಣಿ ನಿಂದ್ರಿಸಿದ್ರ ಬರ್ತದೇನು?”

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಗಿರಣಿ ಮತ್ತೆ ಚಾಲೂ ಮಾಡಲು ಹೋದರೆ ಅದರ ಹಳೆಯ ಪಟ್ಟಿ ಜಾರಿ ಕೆಳಗೆ ಬಿತ್ತು. ಅದನ್ನು ಎಳೆದು ಗಾಲಿಗೆ ಏರಿಸಲು ಇಬ್ಬರು ಗಂಡಸರು ಬೇಕು. ಮಾಳಿಂಗಪ್ಪ ಒಬ್ಬ ಇದ್ದ. ಹೆಂಗಸರು ಇನ್ನೊಬ್ಬ ಗಂಡಸನ್ನು ನೋಡಿದರು. ಆದೆಪ್ಪ ಅಂಗಿಯ ತೋಳು ಮಡಿಸಿದ. ಪಟ್ಟಿ ಏರಿತು, ಗಿರಣಿ ಒಮ್ಮೆಲೆ ಗುಡುಗಿತು, ಬಾಯಲ್ಲಿ ನಿಂತಿದ್ದ ಹಿಟ್ಟೆಲ್ಲ ಎದುರಿಗಿದ್ದ ಆದೆಪ್ಪನ ಮೇಲೆ ಬಂದು ಕೂತಿತು. ಒಂಬತ್ತು ತಿಂಗಳ ಮೇಲೆ ಅವನು ಮೊದಲ ಸಲ ಸೀನಿದ. ಹೆಂಗಸರು ಎಣಿಸಿದರು, ಹದಿನೇಳು. ಕೊನೆಗೆ ಖಾಸಿಂ ಬೀಯೇ ಮರುಗಿ ತನ್ನ ಸೆರಗಿನಿಂದ ಅವನ ಕಣ್ಣು ಒರೆಸಿದಳು.

“ಹೋಗಪ್ಪ, ನಿನ್ನ ದೀಪ ದೇವರು ಹಚ್ಚಲಿ.”

ಸಿರವಾರದಲ್ಲಿ ಬಸ್ಸು ಬದಲಿಸಿ ದೇವದುರ್ಗಕ್ಕೆ ಹೊರಟಾಗ ಆದೆಪ್ಪನಿಗೆ ಒಂದೇ ಅನುಕೂಲವಾಯಿತು. ಬಿಳಿ ಬಟ್ಟೆಯವರೂ ಬಣ್ಣದ ಬಟ್ಟೆಯವರೂ ಅವನ ಪಕ್ಕ ಕೂರಲು ಹೆದರಿದ್ದರಿಂದ ಇಡೀ ಸೀಟು ಅವನದೇ ಆಯಿತು. ಕಂಡಕ್ಟರ್ ಟಿಕೆಟ್ ಕೊಡುವಾಗ, “ಯಾವ ಗಿರಣಿರೀ ನಿಮ್ಮದು, ಹಿಟ್ಟು ಸಣ್ಣ ಬಿದ್ದದ,” ಎಂದ.

ದೇವದುರ್ಗ ಶಾಖೆಯ ಮಹಾಂತಯ್ಯ ಹಿರಿಯರು, ಹಣೆ ತುಂಬ ವಿಭೂತಿ. ಆದೆಪ್ಪನ ಮುಖ ತೋಳು ಕೊರಳೆಲ್ಲ ಬೆಳ್ಳಗಿರುವುದನ್ನು ನೋಡಿ ಅವರು ಎದ್ದು ನಿಂತು ಕೈಮುಗಿದರು.

“ಎಲ್ಲಿ ಪೂಜಿ ಮುಗಿಸ್ಕೊಂಡು ಬಂದ್ರಿ?”

“ಗಿರಣ್ಯಾಗ್ರೀ ಅಯ್ಯನವರ.”

ಮಹಾಂತಯ್ಯನವರೂ ತಮ್ಮ ಕಡೆಯಿಂದ ಏನೂ ಕಡಿಮೆ ಮಾಡಿರಲಿಲ್ಲ. ಯಂತ್ರ ಮೊದಲು ದಕ್ಷಿಣಕ್ಕೆ ಮುಖ ಮಾಡಿತ್ತು. ಪೂರ್ವಕ್ಕೆ ತಿರುಗಿಸಿದ್ದರು. ಅಮಾವಾಸ್ಯೆಗೆ ಕಾಯಿ ಒಡೆಸಿದ್ದರು. ರಾಯಚೂರಿನಲ್ಲಿ ದೊಡ್ಡ ಯಂತ್ರ ತಂಪು ಕೋಣೆಯಲ್ಲಿದೆ ಎಂದು ಕೇಳಿ, ಇಲ್ಲಿ ತಂಪು ಯಂತ್ರ ಇಲ್ಲದ್ದರಿಂದ, ರಬ್ಬರ್ ಬಟ್ಟಲಲ್ಲಿ ಮಲಗಿದ್ದ ರಿಸೀವರಿನ ಮೇಲೆ ಹಸಿ ಬಟ್ಟೆ ಹೊದಿಸಿದ್ದರು. ಗಂಟೆಗೊಮ್ಮೆ ಅದನ್ನು ಕೊಡದ ನೀರಿನಲ್ಲಿ ಅದ್ದಿ ಹಿಂಡಿ ಹಾಕುತ್ತಿದ್ದರು.

“ಇದಕ್ಕ ನೀರು ತಾಗಬಾರದ್ರೀ.”

“ಜ್ವರ ಬಂದ್ರ ಹಸಿ ಅರಿವಿ ಹಾಕೂದಿಲ್ಲೇನು? ಮುಟ್ಟಿ ನೋಡ್ರಿ, ಹ್ಯಾಂಗ ಸುಡ್ತದ.”

ಮಧ್ಯಾಹ್ನ ಎರಡೂ ಕಾಲು. ದೀಪ ಇನ್ನೂ ಉರಿಯುತ್ತಿತ್ತು. ಆದೆಪ್ಪ ಹಸಿ ಬಟ್ಟೆ ತೆಗೆದ. ರಿಸೀವರಿನ ತೂತುಗಳಲ್ಲಿ ನೀರು ನಿಂತಿತ್ತು. ಒರೆಸಲೆಂದು ಅದನ್ನು ಎತ್ತಿದ. ಎತ್ತಿದ ಮೇಲೆ ಕೈ ತನ್ನ ರೂಢಿಯಂತೆ ಅದನ್ನು ಕಿವಿಗೆ ಒಯ್ದಿತು.

ರಾಯಚೂರಿನ ಯಂತ್ರ ‘ಕೀ’ ಎನ್ನುತ್ತಿತ್ತು. ಆ ‘ಕೀ’ಯ ನಡುವೆ ಒಂದು ಹೆಣ್ಣು ದನಿ, ಬೆಣ್ಣೆಯಷ್ಟು ಮೆತ್ತಗೆ ಕೇಳಿತು.

“ಹಲೋ, ಮಾತಾಡಾಕತ್ತೀರೇನ್ರೀ?”

ಆದೆಪ್ಪ ಮಹಾಂತಯ್ಯನವರ ಮುಖ ನೋಡಿದ.

“ಎರಡನೇ ಸಲ ಕೇಳಾಕತ್ತೀನ್ರೀ, ಮಾತಾಡಾಕತ್ತೀರೇನ್ರೀ?”

ಅವನು ರಿಸೀವರನ್ನು ಕಣ್ಣಿನ ಮುಂದೆ ಹಿಡಿದು ನೋಡಿ ಮತ್ತೆ ಕಿವಿಗಿಟ್ಟುಕೊಂಡ.

“ಮೂರನೇ ಸಲ್ರೀ. ಮಾತಾಡೋರು ಯಾರೂ ಇಲ್ಲಂದ್ರ ಬಿಡಿಸ್ತೀನ್ರೀ. ಸಿಟ್ಟಾಗಬ್ಯಾಡ್ರಿ.”

ಟಕ್ ಎಂದು ಸದ್ದಾಯಿತು. ದೀಪ ಆರಿತು.

ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆದೆಪ್ಪ ಒಂದು ಊರಲ್ಲ, ಎರಡು ತಾಲೂಕು ಹುಡುಕಿದ್ದ. ಅಲ್ಲೇ ಬೆಂಚಿನ ಮೇಲೆ ಕೂತು, ಮಹಾಂತಯ್ಯನವರು ಕೊಟ್ಟ ನೀರು ಕುಡಿದು, ಫೋನು ತಿರುವಿದ. ಅದೇ ಬೆಣ್ಣೆಯಂಥ ದನಿ ಕೇಳಿತು.

“ಹಂಪಮ್ಮಾರ, ನಾನು ಆದೆಪ್ಪ. ಈಗ ದೇವದುರ್ಗದ ಲೈನ್ ನೀವು ಕಿತ್ತಿರೇನು?”

“ಹೌದ್ರೀ. ಮೂರು ಸಲ ಕೇಳಿದೆ, ಯಾರೂ ಮಾತಾಡ್ಲಿಲ್ಲ.”

“ದಿನಾ ನೀವ ಕೀಳ್ತೀರೇನು?”

“ನಾ ಅಲ್ದ ಮತ್ಯಾರ್ರೀ? ಎಂಬತ್ತೊಂದನೇ ಇಸ್ವಿ ಆರ್ಡರ್ ಅದ. ಆಗ ಮಾನ್ವಿ ಗುಮಾಸ್ತ ಒಬ್ಬಾಂವ ಫೋನ್ ಕೆಳಗಿಡದ ಮನಿಗೆ ಊಟಕ್ಕ ಹೋಗಿ ಮಲಗಿಬಿಟ್ಟಿದ್ದ. ದಿನಾ ಪೂರ್ತಿ ಲೈನ್ ಸಿಗ್ಲಿಲ್ಲ. ಅವತ್ತಿನಿಂದ ಹದಿನೈದು ನಿಮಿಷಕ್ಕೊಮ್ಮೆ ಎಲ್ಲಾ ಲೈನಿಗೂ ಕಿವಿ ಹಚ್ಚಬೇಕು, ಮಾತಿಲ್ಲಂದ್ರ ಮೂರು ಸಲ ಕೇಳಬೇಕು, ಬಿಡಿಸಬೇಕು. ಒಂದರಿಂದ ಎರಡು ನನ್ನ ಊಟದ ವ್ಯಾಳೆ, ಆವಾಗ ಕೇಳೂದಿಲ್ಲ.”

“ಅಲ್ಲಿ ಕೀ ಅಂತ ಸಪ್ಪಳ ಬರ್ತಿತ್ತಲ್ಲ?”

“ಬರ್ತಿತ್ರೀ. ಲೈನ್ ಕೆಟ್ಟದ ಅಂತ ತಿಳ್ಕೊಂಡಿದ್ದೆ. ನೀವು ಫೋನ್ ಮಾಡಿ ಜೋಡಿಸ್ರಿ ಅಂದಕೂಡ್ಲೆ ಜೋಡಿಸ್ತಿದ್ದೆನಲ್ರೀ. ನಾ ಎಂದಾದ್ರೂ ಇಲ್ಲ ಅಂದೀನೇನು?”

“ಹಂಪಮ್ಮಾರ, ಅದು ಯಂತ್ರ ಮಾತಾಡೂದು. ಕೀ ಅನ್ನೂದ ಅದರ ಮಾತು.”

“ಮಾತಾಡಾಕ ಬರ್ತಿದ್ರ, ಒಂಬತ್ತು ತಿಂಗಳಾತು, ನಾ ಇಷ್ಟು ರೀ ಹಚ್ಚಿ ಕೇಳೀನಿ. ಒಮ್ಮೆನಾದ್ರೂ ಹೂಂ ಅನ್ನಬೇಕಿತ್ತಲ್ರೀ?”

ಯಂತ್ರಕ್ಕೆ ಹೂಂ ಅನ್ನಲು ಕಲಿಸುವುದು ಆದೆಪ್ಪನ ಹದಿನೈದು ದಿನದ ತರಬೇತಿಯಲ್ಲಿ ಇರಲಿಲ್ಲ.

“ಆತು, ಇನ್ನ ಮ್ಯಾಲೆ ಕೀಳಬ್ಯಾಡ್ರಿ.”

“ಬರದ್ ಕೊಡ್ರಿ. ಬಾಯಿ ಆರ್ಡರ್ ಈ ಬೋರ್ಡಿಗೆ ನಡಿಯೂದಿಲ್ಲ. ಇಪ್ಪತ್ತೊಂದು ವರ್ಷ ಹಿಂಗ ನಡೆಸೀನಿ, ಒಬ್ರಿಂದ ಒಂದು ಮಾತು ಅನ್ನಿಸ್ಕೊಂಡಿಲ್ಲ.”

ವಿರೂಪಣ್ಣನಿಗೆ ಫೋನು ಮಾಡಿ ಹೇಳಿಸಬಹುದಿತ್ತು. ಫೋನಿನ ಮೇಲೆ ಕೈಯೂ ಇಟ್ಟ. ಆದರೆ ಕಾರಣ ಆದವರನ್ನು ಮನೆಗೆ ಕಳಿಸುತ್ತೇನೆ ಎಂದ ಮಾತು ನೆನಪಾಯಿತು. ಹಂಪಮ್ಮ ಗಂಡ ಸತ್ತ ಮೇಲೆ ಈ ಬೋರ್ಡನ್ನೇ ನಂಬಿ ಎರಡು ಹೆಣ್ಣು ಮಕ್ಕಳನ್ನು ದಡ ಸೇರಿಸಿದವಳು. ಮೆಟ್ಟಿಲ ಕೆಳಗಿನ ಆ ಸಂದಿಯಲ್ಲಿ ಗಾಳಿ ಇಲ್ಲ, ಕಿಟಕಿ ಇಲ್ಲ. ರಾಯಚೂರಿನ ಬೇಸಿಗೆಯಲ್ಲಿ ಅವಳು ಒದ್ದೆ ಟವಲನ್ನು ತಲೆಯ ಮೇಲೆ ಹಾಕಿಕೊಂಡೇ ‘ಹಲೋ’ ಎನ್ನುತ್ತಿದ್ದಳು. ಆದೆಪ್ಪನಿಗೆ ಕೆಡುಕೆನಿಸಿತು. ತಾನೇ ಹೋಗಿ ಐದರೊಳಗೆ ಬರೆದುಕೊಟ್ಟರೆ ಅವಳೂ ಉಳಿದಳು, ತಾನೂ ಉಳಿದಂತಾಯಿತು, ಯಾರಿಗೂ ಗೊತ್ತಾಗುವುದು ಬೇಡ ಎಂದು ಬಸ್ಸು ಹಿಡಿದ.

ಬಸ್ಸು ಗಬ್ಬೂರು ದಾಟಿ ಎರಡು ಮೈಲಿಗೆ ಪಂಕ್ಚರ್ ಆಯಿತು. ಇನ್ನೊಂದು ಗಾಲಿ ಇತ್ತು, ಅದೂ ಪಂಕ್ಚರ್ ಆದದ್ದೇ. ಡ್ರೈವರ್ ಬೀಡಿ ಹಚ್ಚಿದ. ಆದೆಪ್ಪ ರಸ್ತೆಯ ನಡುವೆ ನಿಂತು ಕೈ ಬೀಸಿದ. ಎತ್ತಿನ ಬಂಡಿಯೊಂದು ಹೋಯಿತು, ಮದುವೆಯ ಜೀಪೊಂದು ಹೋಯಿತು. ಕೊನೆಗೆ ನಿಂತದ್ದು ರಾಯಚೂರಿನ ಜಿನ್ನಿಂಗ್ ಕಾರ್ಖಾನೆಗೆ ಹೊರಟಿದ್ದ ಲಾರಿ. ಒಳಗೆ ಜಾಗವಿರಲಿಲ್ಲ.

“ಮ್ಯಾಲೆ ಏರ್ರಿ,” ಎಂದ ಲಾರಿಯವನು. “ಮೆತ್ತಗ ಅದ.”

ಮೆತ್ತಗೆ ಇತ್ತು ನಿಜ. ಬಿಡಿ ಹತ್ತಿ. ಆದೆಪ್ಪ ಟವಲಿನಿಂದ ಮೂಗು ಬಾಯಿ ಕಟ್ಟಿಕೊಂಡು ಹತ್ತಿಯಲ್ಲಿ ಸೊಂಟದವರೆಗೆ ಹೂತು ಕೂತ. ಅಲ್ಲಿಂದ ರಾಯಚೂರು ಮುಟ್ಟುವವರೆಗೆ ಅವನು ಸೀನಿದ್ದನ್ನು ಎಣಿಸಲು ಈ ಸಲ ಯಾರೂ ಇರಲಿಲ್ಲ. ಕಣ್ಣು ಉಬ್ಬಿತು, ಎದೆ ಕಟ್ಟಿತು. ಬಾಗಲವಾಡದ ಹನ್ನೊಂದು ವರ್ಷಗಳು ಒಂದೇ ಗಂಟೆಯಲ್ಲಿ ಅವನ ಮೂಗಿನೊಳಗೆ ಬಂದು ಹೋದವು. ಏನೇ ಆಗಲಿ, ಆ ಹತ್ತಿಯ ರಾಶಿಗೆ ತಿರುಗಿ ಹೋಗಬಾರದು ಎಂದು ಅವನು ಕಂಡ ದೇವರಿಗೆಲ್ಲ ಬೇಡಿಕೊಂಡ.

ಐದಕ್ಕೆ ಹತ್ತು ನಿಮಿಷವಿರುವಾಗ ಸಂಘದ ಬಾಗಿಲಿಗೆ ಬಂದ. ಹಿಟ್ಟಿನ ಮೇಲೆ ಹತ್ತಿ ಅಂಟಿ ಅವನು ಈಗಷ್ಟೇ ಮೊಟ್ಟೆಯಿಂದ ಹೊರಬಿದ್ದ ಕೋಳಿಮರಿಯಂತೆ ಕಾಣುತ್ತಿದ್ದ. ನಿಂತ ಕಾಲ ಮೇಲೆ ಕಾಗದ ತೆಗೆದು ಬರೆದ:

‘ಕಂಪ್ಯೂಟರ್ ಕೋಣೆಯ ಎರಡೂ ಲೈನುಗಳನ್ನು, ಮಾತು ಕೇಳಿಸಲಿ ಬಿಡಲಿ, ಯಾವ ಕಾರಣಕ್ಕೂ ಬಿಡಿಸತಕ್ಕದ್ದಲ್ಲ. ಕಂಪ್ಯೂಟರ್ ವಿಭಾಗದಿಂದ ಬೇರೆ ಆದೇಶ ಬರುವವರೆಗೆ ಇದು ಜಾರಿಯಲ್ಲಿರುತ್ತದೆ.’

ಕೆಳಗೆ ಸಹಿ ಹಾಕಿದ. ಹಂಪಮ್ಮ ಕಾಗದವನ್ನು ದೂರ ಹಿಡಿದು ಓದಿ, “ಸೀಲ್?” ಎಂದಳು. ಮೇಲೆ ಓಡಿ ಕಂಪ್ಯೂಟರ್ ವಿಭಾಗದ ಸೀಲು ತಂದು ಒತ್ತಿದ. ಆ ವಿಭಾಗದಲ್ಲಿ ಇದ್ದುದು ಅವನೊಬ್ಬ ಮತ್ತು ಆ ಸೀಲು. ಹಂಪಮ್ಮ ಕಾಗದವನ್ನು ಬೋರ್ಡಿನ ನೆತ್ತಿಗೆ ಗುಂಡುಸೂಜಿಯಿಂದ ಚುಚ್ಚಿ, ಎರಡೂ ಲೈನು ಜೋಡಿಸಿದಳು.

“ಇನ್ನ ಬ್ರಹ್ಮ ಬಂದು ಹೇಳಿದ್ರೂ ಕೀಳೂದಿಲ್ರೀ.”

ಏಳು ಮಂದಿ ನಿರ್ದೇಶಕರು ಚಪ್ಪಲಿ ಬಿಟ್ಟು ತಂಪು ಕೋಣೆಯಲ್ಲಿ ಕೂತರು. ಎರಡೂ ದೀಪ ಉರಿಯುತ್ತಿದ್ದವು. ಹದಿನೈದು ನಿಮಿಷವಾಯಿತು. ದೀಪ ಅಲುಗಲಿಲ್ಲ. ಅರ್ಧ ಗಂಟೆ. ಒಂದು ಗಂಟೆ. ಒಂದೂವರೆ ಗಂಟೆ. ಯಂತ್ರ ಇದ್ದಕ್ಕಿದ್ದಂತೆ ಗರಗರ ಎಂದು ಕಾಗದ ಉಗುಳತೊಡಗಿತು. ಮಾನ್ವಿಯ ಅಂಡಿಗೆಗಳು, ದೇವದುರ್ಗದ ಅಂಡಿಗೆಗಳು, ಕೆಳಗೆ ಒಟ್ಟು. ಇಂಥದೊಂದು ಕಾಗದ ಈ ಯಂತ್ರದಿಂದ ಬರುತ್ತದೆಂದು ಆದೆಪ್ಪನಿಗೇ ಗೊತ್ತಿರಲಿಲ್ಲ. ವಿರೂಪಣ್ಣ ಅದನ್ನು ಮೊಮ್ಮಗನನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಎತ್ತಿಕೊಂಡ.

“ಒಂಬತ್ತು ತಿಂಗಳು ಯಾಕ ಆರ್ತಿತ್ತಪ್ಪ ಮತ್ತ?” ಎಂದು ಕೇಳಿದ ಮಲ್ಲಟದ ನಿರ್ದೇಶಕ ಕನಕಪ್ಪ. ಇಂಥ ಪ್ರಶ್ನೆ ಕೇಳುವವನು ಪ್ರತಿ ಸಭೆಯಲ್ಲಿ ಒಬ್ಬ ಇರುತ್ತಾನೆ.

ಆದೆಪ್ಪ ಮನಸ್ಸಿನಲ್ಲೇ ತೂಗಿ ನೋಡಿದ. ನಿಜ ಹೇಳಿದರೆ ಹಂಪಮ್ಮ ಮನೆಗೆ. ಸುಳ್ಳು ಹೇಳಲು ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ನಡುವಿನದೊಂದು ಹೇಳಿದ.

“ಲೈನ್ ಹಿಡಿಯೋರ ಕೈಯಾಗ ಇರ್ತದ್ರೀ ಅದು. ಇವತ್ತು ಹಂಪಮ್ಮಾರು ಭಾಳ ಚಂದ ಹಿಡಿದಾರ.”

ವಿರೂಪಣ್ಣ ಹಂಪಮ್ಮನನ್ನು ಮೇಲೆ ಕರೆಸಿದ. ಅವಳು ಸೆರಗಿನಿಂದ ಕೊರಳು ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

“ಏನವ್ವಾ, ಲೈನ್ ನೀ ಹಿಡಿದಿದ್ದೇನು?”

“ಹೌದ್ರೀ. ಇವತ್ತು ಸಂಜಿ ಬಿಟ್ಟ ಇಲ್ರೀ,” ಎಂದಳು ಹಂಪಮ್ಮ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ನಿರ್ದೇಶಕರು ತಲೆದೂಗಿದರು. ವಿರೂಪಣ್ಣ ಆದೆಪ್ಪನ ಕಡೆಗೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು.

“ಆದೆಪ್ಪ, ನಿಂದು ಇಲ್ಲಿ ದಿನಾ ಕೆಲಸ ಏನು?”

“ದೀಪ ಆರಿದ್ರ ಫೋನ್ ಮಾಡಿ ಜೋಡಿಸೂದ್ರೀ.”

“ಈಗ ಆರ್ತಾವೇನು?”

“ಇಲ್ರೀ, ಇನ್ನ ಆರೂದಿಲ್ಲ,” ಎಂದ ಆದೆಪ್ಪ ಹೆಮ್ಮೆಯಿಂದ.

“ಆರೂದಿಲ್ಲಂದ್ರ?”

ಆದೆಪ್ಪ ಬಾಯಿ ತೆರೆದ. ಆಗ ಅವನಿಗೆ ತಿಳಿಯಿತು.

“ಆರೂದಿಲ್ಲಂದ್ರ ಇಲ್ಲಿ ಒಬ್ಬ ಗಂಡಸು ಕುಂತು ಏನ್ ಮಾಡಬೇಕು?” ಎಂದು ವಿರೂಪಣ್ಣ ತಾನೇ ಮುಗಿಸಿದ. “ಪೆಟ್ಟಿಗಿ ಇಲ್ಲೇ ಇರ್ಲಿ. ಲೈನ್ ಹಿಡಿಯೂದು ಈಕಿ ಕೈಯಾಗ ಅದ, ಇನ್ನ ಮ್ಯಾಲೆ ಪೆಟ್ಟಿಗಿನೂ ಈಕಿನ ನೋಡ್ಕೊಳ್ಳಲಿ. ಆ ಬೋರ್ಡು ತಂದು ಇಲ್ಲೇ ಈ ತಂಪಿನಾಗ ಹಚ್ಚಸ್ರಿ. ನೀ ಶಾಣ್ಯಾ ಮನುಷ್ಯಾ ಆದೆಪ್ಪ, ನಿನ್ನಂಥಾಂವ ಇಲ್ಲಿ ದೀಪ ನೋಡ್ಕೊಂತ ಕುಂದ್ರೂದು ಸಂಘಕ್ಕ ನುಕ್ಸಾನ. ಬಾಗಲವಾಡದಾಗ ಹತ್ತಿ ಆಳೆತ್ತರ ಬಿದ್ದದ. ನಾಳಿ ಮುಂಜಾನಿಂದ ತೂಕಕ್ಕ ನಿಂದ್ರು.”

ನಿರ್ದೇಶಕರು ಚಪ್ಪಾಳೆ ತಟ್ಟಿದರು. ಕನಕಪ್ಪನಂತೂ ಎದ್ದುನಿಂತು ತಟ್ಟಿದ.

ಎಲ್ಲರ ಚಪ್ಪಲಿಗಳೂ ಮೆಟ್ಟಿಲಿಳಿದು ಹೋದ ಮೇಲೆ ಆದೆಪ್ಪ ನಿಧಾನಕ್ಕೆ ಕೆಳಗೆ ಬಂದ. ಹಂಪಮ್ಮ ತನ್ನ ನೀರಿನ ತಂಬಿಗೆ, ಟವಲು, ದೇವರ ಪಟ ಗಂಟು ಕಟ್ಟುತ್ತಿದ್ದಳು. ಅವನನ್ನು ಕಂಡೊಡನೆ ಅವಳ ಕಣ್ಣು ತುಂಬಿತು.

“ಇಪ್ಪತ್ತೊಂದು ವರ್ಷ ಈ ಸಂದ್ಯಾಗ ಬೆಂದೀನ್ರೀ. ನಿಮ್ಮ ಹೊಟ್ಟಿ ತಣ್ಣಗಿರ್ಲಿ. ನಿಮ್ಮ ಉಪಕಾರ ಸಾಯೂತನಕ ಮರಿಯೂದಿಲ್ಲ.”

ಆದೆಪ್ಪನಿಗೆ ಸಂತೋಷವೂ ಆಯಿತು, ಅಳುವೂ ಬಂತು. ಆಚೀಚೆ ನೋಡಿ ದನಿ ತಗ್ಗಿಸಿದ.

“ಉಪಕಾರ ಅಂತೀರಲ್ಲ ಹಂಪಮ್ಮಾರ, ಒಂದು ಮಾತು ನಡೆಸಿ ಕೊಡ್ತೀರೇನು? ನಾಳಿಂದ ದಿನಕ್ಕ ಎರಡ ಸಲ ಆ ಲೈನ್ ಕೀಳ್ರಿ. ಹೆಚ್ಚ ಬ್ಯಾಡ. ಎಂಟ ದಿನ ಕಿತ್ರ ಸಾಕು, ಅವರ ನನ್ನ ತಿರುಗಿ ಕರಸ್ತಾರ.”

ಹಂಪಮ್ಮ ಗಂಟು ಕೆಳಗಿಟ್ಟಳು. ಬೋರ್ಡಿನ ನೆತ್ತಿಯ ಕಾಗದವನ್ನು ಗುಂಡುಸೂಜಿ ಸಮೇತ ಬಿಡಿಸಿ, ದೂರ ಹಿಡಿದು, ಇನ್ನೊಮ್ಮೆ ಪೂರ್ತಿ ಓದಿದಳು. ಅವಳ ಮುಖದಲ್ಲಿ ನಿಜವಾದ ಸಂಕಟವಿತ್ತು.

“ಕಂಪ್ಯೂಟರ್ ವಿಭಾಗದಿಂದ ಬ್ಯಾರೆ ಆರ್ಡರ್ ಬರೂತನಕ ಅಂತ ಅದ್ರೀ ಇದರಾಗ.”

“ಹೌದು, ಈಗ ಬರದ್ ಕೊಡ್ತೀನಿ. ಕಾಗದ ಕೊಡ್ರಿ.”

“ನೀವ್ ಹ್ಯಾಂಗ ಕೊಡ್ತೀರಿ?” ಎಂದಳು ಹಂಪಮ್ಮ ಮೆತ್ತಗೆ. “ನೀವು ಈಗ ಬಾಗಲವಾಡ ತೂಕದ ವಿಭಾಗ. ಕಂಪ್ಯೂಟರ್ ವಿಭಾಗ ಈಗ ನಾನಲ್ಲೇನ್ರೀ?”